ಓಡ್ನಿಯ ಎಡಗೆನ್ನೆ

ಓಡ್ನಿಯ ಎಡಗೆನ್ನೆ ಅವಳಿಗಿಂತ ಹತ್ತು ವರ್ಷ ದೊಡ್ಡದು. ಇದು ಯಾರೋ ಆಗದವರು ಆಡಿದ ಕುಹಕವಲ್ಲ, ಅವಳೇ ಹೇಳಿಕೊಂಡು ನಗುತ್ತಿದ್ದ ಮಾತು. "ಬಲಗೆನ್ನೆಗೆ ನಲವತ್ತೇಳು, ಎಡಗೆನ್ನೆಗೆ ಅರವತ್ತೇಳು. ಎರಡೂ ಕೂಡಿಸಿ ಅರ್ಧ ಮಾಡಿದ್ರೆ ನನ್ನ ವಯಸ್ಸು ಸಿಗುತ್ತೆ" ಅನ್ನುತ್ತಿದ್ದಳು. ನಗುವುದು ನಗುತ್ತಿದ್ದಳು, ನಿಜ. ಆದರೆ ಯಾರಾದರೂ ಫೋಟೋ ತೆಗೆಯಲು ನಿಂತರೆ ಮಾತ್ರ ಸರಕ್ಕನೆ ಎಡಕ್ಕೆ ವಾಲಿ, ಎಡಗಡೆಯನ್ನು ಪಕ್ಕದವರ ಹೆಗಲ ಹಿಂದೆ ಹುದುಗಿಸುತ್ತಿದ್ದಳು.

ಬಸ್ಸು ಓಡಿಸುವವರ ಮುಖ ಹೀಗೆಯೇ ಆಗುವುದು. ನಮ್ಮ ಈ ಉತ್ತರದ ಹಿಮದ ದೇಶದಲ್ಲಿ ಚಾಲಕರು ಕೂರುವುದು ಎಡಗಡೆ. ಬೆಟ್ಟಗಳ ನಡುವೆ ಚಾಚಿದ ಕಡಲತೋಳಾದ ಫಿಯೋರ್ಡಿನ ದಂಡೆಯ ರಸ್ತೆಯಲ್ಲಿ ಮೂವತ್ತೆರಡು ವರ್ಷ ಬಸ್ಸು ಓಡಿಸಿದ ಓಡ್ನಿಯ ಎಡಗೆನ್ನೆಗೆ ಮಧ್ಯಾಹ್ನದ ಸುತ್ತಿನಲ್ಲಿ ಒಂದು ಬಿಸಿಲು ಆಕಾಶದಿಂದ, ಇನ್ನೊಂದು ಬಿಸಿಲು ನೀರಿನಿಂದ. ಕಿಟಕಿಯ ಗಾಜು ಗಾಳಿಯನ್ನು ತಡೆಯಿತೇ ಹೊರತು ಬಿಸಿಲನ್ನು ತಡೆಯಲಿಲ್ಲ. ಗಂಡ ಎನಿಸಿಕೊಂಡವನು ಇಪ್ಪತ್ತು ವರ್ಷದ ಹಿಂದೆಯೇ ರಾಜಧಾನಿಯ ಕಡೆ ಮುಖ ಮಾಡಿದ. ಅವನು ಹೋದದ್ದಕ್ಕೆ ಓಡ್ನಿ ಹೆಚ್ಚೇನೂ ಅತ್ತವಳಲ್ಲ. ಮುಚ್ಚಿಹೋದ ಅಂಚೆಕಚೇರಿಯ ಮೇಲಂತಸ್ತಿನಲ್ಲಿ ಮನೆ ಮಾಡಿಕೊಂಡು, ಭಾನುವಾರ ಚರ್ಚಿನ ಹಾಡುಗಾರರ ಜೊತೆ ಗಂಟಲು ಬಿಟ್ಟು ಹಾಡಿ, ಬಾಕಿ ದಿನ ಬಸ್ಸಿನಲ್ಲೇ ಹಾಡಿಕೊಂಡು ಚೆನ್ನಾಗಿಯೇ ಇದ್ದಳು.

ಹಾಗಿದ್ದವಳ ಎದೆಯಲ್ಲಿ ಗಂಟೆ ಬಾರಿಸಿದವನು ಹಾಲಿನ ಲಾರಿಯ ಐಲಿಫ್. ದಂಡೆಯ ಹಳ್ಳಿಗಳಿಂದ ಹಾಲು ತುಂಬಿಸಿಕೊಂಡು ಬರುವ ಅವನ ಟ್ಯಾಂಕರು ದಿನವೂ ಚಕ್ಕಿಕಲ್ಲಿನ ತಿರುವಿನಲ್ಲಿ ಓಡ್ನಿಯ ಬಸ್ಸಿಗೆ ಎದುರಾಗುತ್ತಿತ್ತು. ಅವನು ಸ್ಟಿಯರಿಂಗಿನ ಮೇಲಿಂದ ಎರಡು ಬೆರಳು ಎತ್ತುವನು, ಇವಳು ಇಡೀ ಕೈ ಎತ್ತುವಳು. ಹನ್ನೊಂದು ವರ್ಷ ಇಷ್ಟೇ. ಎದುರುಬದುರು ಹಾಯುವಾಗ ಅವನಿಗೆ ಕಾಣುತ್ತಿದ್ದದ್ದು ಇವಳ ಎಡಗೆನ್ನೆಯೇ, ಆದರೆ ರೆಪ್ಪೆ ಬಡಿಯುವಷ್ಟು ಹೊತ್ತು. ಆ ವೇಗದಲ್ಲಿ ಯಾರ ಸುಕ್ಕು ಯಾರಿಗೆ ಕಾಣುತ್ತದೆ ಎಂದು ಓಡ್ನಿ ನಿಶ್ಚಿಂತೆಯಿಂದಿದ್ದಳು. ದೋಣಿಕಟ್ಟೆಯ ಕಾಫಿ ಅಂಗಡಿಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಸಿಕ್ಕ ದಿನ ಮಾತ್ರ ಗೋಡೆ ಪಕ್ಕದ ಕುರ್ಚಿ ಹಿಡಿದು, ಎಡಗಡೆಯನ್ನು ಗೋಡೆಗೆ ಕೊಟ್ಟು ಕೂರುತ್ತಿದ್ದಳು.

ಆ ಅಂಗಡಿಯಲ್ಲೇ, ಜನವರಿಯ ಒಂದು ಬೆಳಿಗ್ಗೆ, ಐಲಿಫ್ ತನ್ನ ಕಾಫಿ ಮುಗಿಸಿ, ಟೋಪಿ ಹಾಕಿಕೊಂಡು, ಬಾಗಿಲ ತನಕ ಹೋಗಿ, ತಿರುಗಿ ಬಂದ.

"ಈಸ್ಟರ್‌ಗೆ ಬೆಟ್ಟದ ಮನೆಗೆ ಬರ್ತೀಯಾ?" ಅಂದ. "ಅಕ್ಕನೂ ಇರ್ತಾಳೆ. ಕುರಿಮಾಂಸ ಚೆನ್ನಾಗಿ ಮಾಡ್ತಾಳೆ."

"ಬರ್ತೀನಿ" ಅಂದಳು ಓಡ್ನಿ.

ಅವನು ತಲೆ ಆಡಿಸಿ ಹೊರಟುಹೋದ. ಐಲಿಫ್ ಒಂದು ವರ್ಷಕ್ಕೆ ಆಡುವ ಮಾತು ಅಲ್ಲಿಗೆ ಖರ್ಚಾಗಿತ್ತು. ಅಂಗಡಿಯ ಒಡತಿ ಮಿಲ್ಡ್ರಿ ದೋಸೆಕಾವಲಿಯಂಥ ವಾಫಲ್ ಹಂಚನ್ನು ಮುಚ್ಚುವುದನ್ನೂ ಮರೆತು ನಿಂತಿದ್ದಳು. ಮಿಲ್ಡ್ರಿ ಓಡ್ನಿಯ ಶಾಲೆಯ ಗೆಳತಿ, ಬಾಯಿಗೆ ಬೀಗವಿಲ್ಲದವಳು.

"ಏನೇ, ಬೆಟ್ಟದ ಮನೆಗೆ ಕರೆದ್ನಾ?" ಅಂದಳು. "ಹನ್ನೊಂದು ವರ್ಷ ಬೆರಳು ಎತ್ತಿದೋನು ಕೊನೆಗೂ ಬಾಯಿ ತೆಗೆದ ನೋಡು."

"ಮಿಲ್ಡ್ರಿ, ನಾಲ್ಕು ದಿನ ಕಣೇ. ಒಂದೇ ಟೇಬಲ್ಲು. ಸುತ್ತ ಹಿಮ, ಮೇಲಿಂದ ಬೆಳಕು. ಈ ಕೆನ್ನೆನ ಎಲ್ಲಿ ಬಚ್ಚಿಡ್ಲಿ?"

ಓಡ್ನಿಯ ಆಸೆಯೂ ಭಯವೂ ಎರಡೂ ಅಷ್ಟರಲ್ಲಿದ್ದವು. ಓಡುವ ಕೆನ್ನೆಯನ್ನು ನೋಡಿ ಕರೆದವನು ನಿಂತ ಕೆನ್ನೆಯನ್ನು ನೋಡಿದ ಮೇಲೂ ಕರೆಯುತ್ತಾನೆಯೇ? ಸುಕ್ಕು ಒಂದೇ ಆದರೆ ಸರಿ. ಅಲ್ಲಿ ಕಂದು ಮಚ್ಚೆಗಳಿದ್ದವು, ಕಿತ್ತಳೆ ಸಿಪ್ಪೆಯಂತೆ ಒರಟಾಗಿತ್ತು, ಕಣ್ಣಿನ ಹೊರಮೂಲೆಯಿಂದ ದವಡೆಯವರೆಗೆ ಗೀರುಗಳು ಇಳಿದಿದ್ದವು. ಈಸ್ಟರಿಗೆ ಇನ್ನೂ ಮೂರು ತಿಂಗಳಿತ್ತು. ಅವಳಿಗೆ ಮೈಯೆಲ್ಲ ಹುರುಪು ಹತ್ತಿತು.

"ವಿಟಮಿನ್ ಎ ಸೀರಮ್ ಹಚ್ಚೇ. ರೆಟಿನಾಲ್ ಅಂತಾರಲ್ಲ, ಅದು" ಅಂದಳು ಮಿಲ್ಡ್ರಿ. "ರಾತ್ರಿ ಹಚ್ಚಿ ಮಲಗೋದು. ಹಚ್ಚೋದಾದ್ರೆ ಎಲ್ಲಕ್ಕಿಂತ ಸ್ಟ್ರಾಂಗಾಗಿರೋದೇ ತಗೋ. ನಾಯಿ ಕಚ್ಚಿದ್ರೆ ಹೊಟ್ಟೆ ತುಂಬ ಕಚ್ಚಲಿ."

"ಅದ್ಯಾವ ಗಾದೆನೇ?"

"ಈಗ ತಾನೇ ಮಾಡಿದ್ದು."

ಮರುದಿನ ಪಾಳಿ ಮುಗಿಸಿದವಳೇ ಓಡ್ನಿ ದೋಣಿ ಹತ್ತಿ ಆಚೆ ದಡದ ಪೇಟೆಗೆ ಹೋದಳು. ಔಷಧಿ ಅಂಗಡಿಯ ಒಂದು ಗೋಡೆ ಪೂರ್ತಿ ಮುಖದ ಮದ್ದುಗಳು. ಅವಳು ಬಸ್ಸಿನ ಹೊಸ ಟೈರು ಆರಿಸುವವಳ ಹಾಗೆ ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಕೊನೆಗೆ ಚಿನ್ನದ ಮುಚ್ಚಳದ, ಗಾಜಿನ ಬುಡ್ಡಿಯೊಂದು ಮನಸ್ಸಿಗೆ ಬಂತು. ಒಳಗಿನ ಹಳದಿ ದ್ರವ ದೀಪಕ್ಕೆ ಹಿಡಿದರೆ ಜೇನಿನ ಹಾಗೆ ಹೊಳೆಯುತ್ತಿತ್ತು. ಮೇಲೆ ದೊಡ್ಡಕ್ಷರದಲ್ಲಿ ಒಂದು ಶೇಕಡಾ ಎಂದು ಬರೆದಿತ್ತು.

ಔಷಧಿ ಕೊಡುವ ರಾಗ್ನಿ ಎಂಬ ಹುಡುಗಿ ಬಂದು ಬುಡ್ಡಿಯನ್ನು ಮೆಲ್ಲಗೆ ಇವಳ ಕೈಯಿಂದ ತೆಗೆದುಕೊಂಡಳು. "ಮೊದಲು ಯಾವತ್ತಾದ್ರೂ ಹಚ್ಚಿದ್ದೀರಾ?"

"ಇಲ್ಲ. ನಾನು ಮುಖಕ್ಕೆ ಹಚ್ಚಿರೋದು ಅಂದ್ರೆ ಚಳಿಗಾಲದ ಕ್ರೀಮು, ಒಂದೊಂದ್ಸಲ ಬಸ್ಸಿನ ಗ್ರೀಸು."

"ಹಾಗಾದ್ರೆ ಇದು ಬೇಡ. ಮೊದಲನೇದು, ಗಾಜಿನ ಬುಡ್ಡಿ. ಈ ಮದ್ದು ಬೆಳಕು ತಾಗಿದ್ರೂ ಕೆಡುತ್ತೆ, ಗಾಳಿ ತಾಗಿದ್ರೂ ಕೆಡುತ್ತೆ. ಎರಡನೇದು, ಶಕ್ತಿ ಜಾಸ್ತಿ." ಅವಳು ಕೆಳಗಿನ ಹಲಗೆಯಿಂದ ನೋಡಲು ಏನೇನೂ ಚೆಂದವಿಲ್ಲದ ಒಂದು ಬೂದು ಕೊಳವೆಯನ್ನು ತೆಗೆದಳು. "ಇದು ಸರಿ. ಒಳಗೆ ಬೆಳಕು ಹೋಗಲ್ಲ, ಒತ್ತಿದ್ರೆ ಬೇಕಾದಷ್ಟೇ ಬರುತ್ತೆ. ವಾಸನೆ ಗೀಸನೆ ಹಾಕಿಲ್ಲ. ಶಕ್ತಿ ಅದರ ಕಾಲು ಭಾಗಕ್ಕಿಂತ ಕಮ್ಮಿ."

"ಕಾಲು ಭಾಗ? ನನಗೆ ಈಸ್ಟರ್ ಒಳಗೆ ಆಗ್ಬೇಕಮ್ಮ."

"ಅದಕ್ಕೇ ಹೇಳ್ತಿರೋದು. ಸಣ್ಣದಾಗಿ ಶುರು ಮಾಡಿದೋರೇ ಬೇಗ ಮುಟ್ಟೋದು. ಚರ್ಮ ಹೆದರಿಬಿಟ್ರೆ ನಿಲ್ಲಿಸಬೇಕಾಗುತ್ತೆ, ಮತ್ತೆ ಮೊದಲಿಂದ." ಹುಡುಗಿ ಗಂಟಲು ಸರಿಮಾಡಿಕೊಂಡಳು. "ಒಂದು ಪ್ರಶ್ನೆ ಎಲ್ಲರಿಗೂ ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ನೀವು ಬಸುರಿಯಾ? ಬಸುರಿಯರು ಇದನ್ನ ಹಚ್ಚಬಾರದು."

"ಆಗಿದ್ರೆ ಇಷ್ಟೊತ್ತಿಗೆ ಪೇಪರ್‌ನೋರು ನನ್ನ ಮನೆ ಮುಂದೆ ಸಾಲು ನಿಂತಿರ್ತಿದ್ರು" ಅಂದಳು ಓಡ್ನಿ. ಇಬ್ಬರೂ ನಕ್ಕರು.

ರಾಗ್ನಿ ಹೇಳಿದ ಕ್ರಮ ಸುಲಭದ್ದು. ಮುಖ ತೊಳೆದು, ಪೂರ್ತಿ ಒಣಗಲು ಬಿಟ್ಟು, ಬಟಾಣಿ ಕಾಳಿನಷ್ಟು ಸೀರಮ್ಮನ್ನು ಇಡೀ ಮುಖಕ್ಕೆ. ಕಣ್ಣಿನ ಅಂಚು, ತುಟಿಯ ಮೂಲೆ ಬಿಟ್ಟು. ಅದರ ಮೇಲೆ ಸಾದಾ ಕ್ರೀಮು. ಮೊದಮೊದಲು ವಾರಕ್ಕೆ ಎರಡೇ ರಾತ್ರಿ. ಚರ್ಮ ತಕರಾರು ಮಾಡದಿದ್ದರೆ ಒಂದು ತಿಂಗಳ ಮೇಲೆ ರಾತ್ರಿ ಬಿಟ್ಟು ರಾತ್ರಿ. ಬೇರೆ ಉಜ್ಜುವ, ಸುಲಿಯುವ ಮದ್ದುಗಳು ಜೊತೆಗೆ ಬೇಡ. ಬೆಳಿಗ್ಗೆ ಎದ್ದರೆ ಸನ್‌ಸ್ಕ್ರೀನ್, ತಪ್ಪದೆ.

"ಬಿಸಿಲೇ ಇಲ್ವಲ್ಲಮ್ಮ" ಅಂದಳು ಓಡ್ನಿ. ನಿಜವೇ. ನವೆಂಬರಿನಿಂದ ಫೆಬ್ರುವರಿಯವರೆಗೆ ನಮ್ಮೂರಿಗೆ ಸೂರ್ಯ ಬೆಟ್ಟದ ಹಿಂದಿನಿಂದಲೇ ನಮಸ್ಕಾರ ಹೇಳಿ ಹೋಗುತ್ತಾನೆ.

"ಈಗ ಇಲ್ಲ. ಬಂದಾಗ ಮರೀಬೇಡಿ. ಹೊಸ ಚರ್ಮ ಬಿಸಿಲಿಗೆ ತುಂಬಾ ಎಳಸು."

ಮೊದಲ ರಾತ್ರಿ ಓಡ್ನಿ ಮದುವೆ ಹೆಣ್ಣಿನ ಹಾಗೆ ಕನ್ನಡಿ ಮುಂದೆ ಕೂತಳು. ಬಟಾಣಿಯನ್ನು ಡಬ್ಬಿಯಿಂದ ನಿಜವಾಗಿಯೂ ತಂದು, ಪಕ್ಕದಲ್ಲಿಟ್ಟುಕೊಂಡು, ಅಳತೆ ಸರಿಯಾಯಿತೇ ಎಂದು ನೋಡಿದಳು. ಬೆಳಿಗ್ಗೆ ಎದ್ದು ಕನ್ನಡಿಗೆ ಓಡಿದಳು. ಎಡಗೆನ್ನೆ ಎಡಗೆನ್ನೆಯಾಗಿಯೇ ಇತ್ತು. ಅವಳೇನೂ ಎದೆಗುಂದಲಿಲ್ಲ. ಬಸ್ಸು ಹೊರಡಿಸಿ, ಮೊದಲ ಸುರಂಗ ದಾಟುವ ಹೊತ್ತಿಗೆ ಹಾಡಲು ಶುರು ಮಾಡಿದಳು. ಶಾಲೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ತಾವೂ ಸೇರಿಕೊಂಡರು.

ಮೂರನೇ ವಾರ ಮೂಗಿನ ಪಕ್ಕ, ಗಲ್ಲದ ಮೇಲೆ ಹೊಟ್ಟು ಏಳತೊಡಗಿತು. ಚುರುಚುರು ಅಂತಲೂ ಅನ್ನಿಸಿತು. ಮಿಲ್ಡ್ರಿ ಕಾಫಿ ಸುರಿಯುತ್ತ ಬಗ್ಗಿ ನೋಡಿ, "ಹಾವು ಪೊರೆ ಬಿಡ್ತಿದೆ, ದೂರ ನಿಂತ್ಕೊಳ್ಳಿ" ಎಂದು ಅಂಗಡಿಗೆಲ್ಲ ಕೇಳುವಂತೆ ಸಾರಿದಳು. ಓಡ್ನಿ ರಾಗ್ನಿಗೆ ಫೋನು ಮಾಡಿದಳು. ಹಾಗಾಗುವುದು ಸಹಜ, ಒಂದು ರಾತ್ರಿ ಬಿಡಿ, ಸೀರಮ್ಮಿಗೆ ಮೊದಲೂ ಕ್ರೀಮು, ಆಮೇಲೂ ಕ್ರೀಮು ಹಚ್ಚಿ ಎಂದು ಉತ್ತರ ಬಂತು. ಬ್ರೆಡ್ಡಿಗೆ ಎರಡೂ ಕಡೆ ಬೆಣ್ಣೆ ಸವರಿದ ಹಾಗೆ ಆಯಿತು. ಚರ್ಮ ಶಾಂತವಾಯಿತು.

ಫೆಬ್ರುವರಿಯಲ್ಲಿ ಸೂರ್ಯ ಬೆಟ್ಟದ ತಲೆಗೆ ಹತ್ತಿದ. ಊರವರೆಲ್ಲ ಚರ್ಚಿನ ಮೆಟ್ಟಿಲ ಮೇಲೆ ನಿಂತು ವಾಡಿಕೆಯಂತೆ, ಸೂರ್ಯ ಮರಳಿದ ಖುಷಿಗೆ ಹಂಚುವ ಬಿಸಿಲಿನ ಬನ್ನು ತಿಂದರು. ಓಡ್ನಿ ಸನ್‌ಸ್ಕ್ರೀನ್ ಬಳಿದುಕೊಂಡು, ಟೋಪಿ ಎಳೆದುಕೊಂಡು, ಬನ್ನು ಎರಡು ತಿಂದಳು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಎಡಗೆನ್ನೆಯ ಮೇಲೆ ಬೆರಳಾಡಿಸಿದರೆ ಬೆರಳು ಎಲ್ಲೂ ತಡೆಯಲಿಲ್ಲ. ಅವಳು ಮತ್ತೊಮ್ಮೆ ಆಡಿಸಿದಳು. ಕಿತ್ತಳೆ ಸಿಪ್ಪೆ ಹೋಗಿತ್ತು. ಗೀರುಗಳು ಇದ್ದಲ್ಲೇ ಇದ್ದವು, ಮಚ್ಚೆಗಳೂ ಇದ್ದವು, ಆದರೆ ಮಾಸಿದ ಬಟ್ಟೆಯನ್ನು ಒಂದು ಸಲ ಒಗೆದ ಹಾಗೆ ಎಲ್ಲವೂ ಒಂದು ಬಣ್ಣ ತಿಳಿಯಾಗಿದ್ದವು. ಆ ದಿನ ಬಸ್ಸು ಹತ್ತಿದ ವಯಸ್ಸಾದ ಹೆಂಗಸೊಬ್ಬಳು, "ಎಲ್ಲಾದ್ರೂ ರಜಕ್ಕೆ ಹೋಗಿದ್ಯೇನಮ್ಮ?" ಎಂದು ಕೇಳಿದಳು. ಓಡ್ನಿಗೆ ಎದ್ದು ಕುಣಿಯುವ ಹಾಗಾಯಿತು. ಸೀಟುಬೆಲ್ಟು ಹಾಕಿದ್ದರಿಂದ ಕುಣಿಯಲಿಲ್ಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಈಸ್ಟರ್ ಹತ್ತಿರ ಬಂದಂತೆ ಇವಳಿಗೆ ಕಾಲು ನೆಲದ ಮೇಲೆ ನಿಲ್ಲದಾಯಿತು. ಇಷ್ಟರಿಂದ ಇಷ್ಟಾದರೆ ಅಷ್ಟರಿಂದ ಎಷ್ಟಾಗಬಾರದು? ರಾತ್ರಿ ಬಿಟ್ಟು ರಾತ್ರಿ ಹಚ್ಚುತ್ತಿದ್ದವಳು ದಿನಾ ರಾತ್ರಿ ಹಚ್ಚತೊಡಗಿದಳು. ಬಟಾಣಿ ನೆಲ್ಲಿಕಾಯಿಯಾಯಿತು. ಎಡಗೆನ್ನೆಗೆ ಬೇರೆ ಮೇಲೊಂದು ಕೈ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆಯೇ? ಮುಖ ಬಿಗಿದುಕೊಂಡು ಗುಲಾಬಿಯಾಗಿ ಫಳಫಳ ಹೊಳೆಯಿತು. ಅದು ಚರ್ಮ ತೆಳುವಾದದ್ದರ ಹೊಳಪು. ಇವಳು ಯೌವನ ಅಂದುಕೊಂಡಳು. ಮಿಲ್ಡ್ರಿಯೂ ಹಾಗೆಯೇ ಅಂದುಕೊಂಡು, "ಐಲಿಫನ ಕಥೆ ಮುಗೀತು" ಎಂದು ತೀರ್ಪು ಕೊಟ್ಟಳು.

ಬೆಟ್ಟದ ಮನೆಗೆ ಅವರು ಮುಟ್ಟಿದ್ದು ಗುರುವಾರ ಸಂಜೆ, ರಸ್ತೆ ಮುಗಿದಲ್ಲಿಂದ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು. ಐಲಿಫನ ಅಕ್ಕ ಗುಡ್ಲೌಗ್ ಮುಂಚೆಯೇ ಬಂದು ಒಲೆ ಹಚ್ಚಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಮುಖ ಹಳೆಯ ಕುದುರೆ ಜೀನಿನ ಚರ್ಮದಷ್ಟು ಕಂದು, ಮಾತೂ ಅಷ್ಟೇ ಗಟ್ಟಿ. ಓಡ್ನಿ ಎಣ್ಣೆದೀಪಕ್ಕೆ ಎಡಗಡೆ ಮರೆಮಾಡಿಕೊಂಡು ಕೂತಳು. ಕುರಿಮಾಂಸ ತಿಂದರು, ಪಗಡೆ ಆಡಿದರು, ಓಡ್ನಿ ಎರಡು ಸಲ ಗೆದ್ದಳು. ಐಲಿಫ್ ಎಲ್ಲಕ್ಕೂ ನಗುತ್ತಿದ್ದ. ಮಲಗುವ ಮೊದಲು ಅವಳು ನೆಲ್ಲಿಕಾಯಿಯಷ್ಟು ಹಚ್ಚಿಕೊಂಡಳು. ನಾಳೆಯ ಬೆಳಕಿಗೆ ಇರಲಿ ಎಂದು ಎಡಗೆನ್ನೆಗೆ ಇನ್ನಷ್ಟು.

ಶುಕ್ರವಾರ ಒಂದೂ ಮೋಡವಿರಲಿಲ್ಲ. ಗುಡ್ಲೌಗ್ ತಿಂಡಿ ಆದ ತಕ್ಷಣ ಕೋಕೋ ಫ್ಲಾಸ್ಕು, ಕಿತ್ತಳೆಹಣ್ಣು, ಒಂದು ಪತ್ತೇದಾರಿ ಕಾದಂಬರಿ ಎತ್ತಿಕೊಂಡು ಬಿಸಿಲಗೋಡೆಗೆ ನಡೆದಳು. ಈಸ್ಟರಿನಲ್ಲಿ ಬೆಟ್ಟದ ಮನೆಯ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕೂರದವರು ನಮ್ಮಲ್ಲಿ ಯಾರಿದ್ದಾರೆ? ಚಳಿಗಾಲವೆಲ್ಲ ಬಾಕಿ ಉಳಿದ ಬಿಸಿಲನ್ನು ಆ ನಾಲ್ಕು ದಿನದಲ್ಲಿ ವಸೂಲಿ ಮಾಡಿ, ಮಂಗಳವಾರ ಕಂದು ಮುಖ ಹೊತ್ತು ಇಳಿಯಬೇಕು. ಬಿಳಿ ಮುಖದಲ್ಲಿ ಇಳಿದವರನ್ನು ಊರು ಅನುಮಾನದಿಂದ ನೋಡುತ್ತದೆ. ಕಾಯಿಲೆಯೋ, ಜಗಳವೋ, ಏನೋ ಒಂದು ಇರಬೇಕು ಎಂದು.

ಗೋಡೆಗೆ ಮೊಳೆ ಹೊಡೆದು ಕೂರಿಸಿದ ಒಂದು ಬೆಂಚಿತ್ತು. ಗುಡ್ಲೌಗ್ ಪಕ್ಕಕ್ಕೆ ಸರಿದು ಜಾಗ ತಟ್ಟಿದಳು. "ನಮ್ಮಪ್ಪ ಮಾಡಿದ ಬೆಂಚು. ಬಾ ಕೂತ್ಕೋ. ಐಲಿಫ್ ಪ್ರತಿ ವರ್ಷ ಇಲ್ಲಿ ಕೂತೇ ದೋಣಿಕಟ್ಟೇಲಿ ಎಲ್ಲರಿಗಿಂತ ಕಪ್ಪಾಗಿ ಹೋಗೋದು."

ಓಡ್ನಿ ಟೋಪಿ ಸರಿಮಾಡಿಕೊಂಡು, ಕಿಸೆಯಿಂದ ಸನ್‌ಸ್ಕ್ರೀನಿನ ಕೊಳವೆ ತೆಗೆದಳು.

"ಅದೇನದು?" ಅಂದಳು ಗುಡ್ಲೌಗ್. "ಮಕ್ಕಳಿಗೆ ಬಳಿಯೋದಲ್ವಾ ಅದು? ಬಿಸಿಲಿಗೆ ಹೆದರೋ ಹೆಂಗಸು ಈ ಬೆಂಚಲ್ಲಿ ಇನ್ನೂ ಕೂತಿಲ್ಲಮ್ಮ. ಟೋಪಿ ತೆಗಿ, ನಿನ್ನ ಮುಖನಾದ್ರೂ ನೋಡೋಣ."

ಗುಡ್ಲೌಗ್ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಈ ಮನೆಯ ಹಿರಿಯಳು ಅವಳು, ಅವಳು ಒಪ್ಪಿದರೆ ಅರ್ಧ ದಾರಿ ದಾಟಿದ ಹಾಗೆ ಎಂದು ಓಡ್ನಿಗೆ ಅನ್ನಿಸಿತು. ರಾಗ್ನಿಯ ಮಾತು ನೆನಪಿಗೆ ಬಂದದ್ದೂ ಹೌದು. ಒಂದು ಗಳಿಗೆ ಕೂತು ಎದ್ದರಾಯಿತು ಅಂದುಕೊಂಡಳು. ಕೊಳವೆ ಕಿಸೆಗೆ ಹೋಯಿತು, ಟೋಪಿ ತೊಡೆಯ ಮೇಲೆ ಬಂತು. ಬಿಸಿಲು ಬೆಚ್ಚಗೆ ಕಿವಿಯವರೆಗೆ ಹಬ್ಬಿತು. ಕೋಕೋ ಕುಡಿದರು, ಕಿತ್ತಳೆ ಸುಲಿದರು, ಗುಡ್ಲೌಗ್ ಕಾದಂಬರಿಯ ಕೊಲೆಗಾರ ಯಾರೆಂದು ಮೊದಲೇ ಕೂಗಿ ಹೇಳಿ, ಮನೆಯ ಹಿಂದೆ ಸೌದೆ ಸೀಳುತ್ತಿದ್ದ ತಮ್ಮನಿಂದ ಬೈಸಿಕೊಂಡಳು. ಓಡ್ನಿ ನಕ್ಕೂ ನಕ್ಕೂ ಸುಸ್ತಾಗಿ ಗೋಡೆಗೆ ತಲೆ ಆನಿಸಿದವಳು ಹಾಗೆಯೇ ನಿದ್ದೆಹೋದಳು. ಮೇಲಿನ ಬಿಸಿಲು ಸಾಲದು ಎಂಬಂತೆ ಹಿಮವೂ ಕೆಳಗಿನಿಂದ ಬಿಸಿಲು ಎಸೆಯುತ್ತಿತ್ತು.

ಶನಿವಾರ ಬೆಳಿಗ್ಗೆ ಅವಳ ಮುಖ ಬೇಯಿಸಿದ ಏಡಿಯ ಹಾಗಿತ್ತು. ಕಣ್ಣುಗಳು ಬಾತು ಸಣ್ಣಗಾಗಿದ್ದವು. ಎಡಗೆನ್ನೆಯ ಮೇಲೆ ಸಣ್ಣ ಗುಳ್ಳೆಗಳೆದ್ದು, ತುಟಿ ಅಲುಗಿಸಿದರೂ ಉರಿಯುತ್ತಿತ್ತು. ಮೂರು ತಿಂಗಳು ಕಾಳು ಕಾಳಾಗಿ ಕಟ್ಟಿದ್ದು ಒಂದು ಮಧ್ಯಾಹ್ನದಲ್ಲಿ ಸುಟ್ಟುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಓಡ್ನಿಗೆ ತುತ್ತನ್ನು ತಾನೇ ಕೈಯಾರೆ ಬೂದಿಗೆ ಎಸೆದ ಹಾಗಾಗಿತ್ತು. ಅವಳು ಚೀಲ ಕಟ್ಟಿ, ಸ್ಕೀ ಬೂಟು ಹಾಕಿಕೊಂಡೇ ಅಡುಗೆಕೋಣೆಗೆ ಬಂದಳು.

ಗುಡ್ಲೌಗ್ ಕೈಯಲ್ಲಿದ್ದ ತಟ್ಟೆ ಬಿಟ್ಟುಬಿಟ್ಟಳು. "ದೇವ್ರೇ, ಇದೇನಾಯ್ತು ನಿನಗೆ?"

"ಕೆಳಗೆ ಹೋಗ್ತೀನಿ" ಅಂದಳು ಓಡ್ನಿ. "ಹತ್ತೂವರೆಗೆ ರಸ್ತೆಗೆ ಬಸ್ಸು ಬರುತ್ತೆ."

"ಕೂತ್ಕೋ. ಏನು ಹಚ್ಚಿದ್ದೆ ಹೇಳು."

ಮುಚ್ಚಿಡಲು ಇನ್ನೇನು ಉಳಿದಿತ್ತು? ಅವಳು ಬೂದು ಕೊಳವೆ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಬಸ್ಸಿನ ಕಿಟಕಿ, ಫೋಟೋಗಳು, ಗೋಡೆ ಪಕ್ಕದ ಕುರ್ಚಿ, ಬಟಾಣಿ, ನೆಲ್ಲಿಕಾಯಿ. ಐಲಿಫ್ ಒಲೆಯ ಬಳಿ ನಿಂತು ಕೇಳುತ್ತಿದ್ದ. ಅವನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ.

"ನಿಮ್ಮೆದುರಿಗೆ ಚೆನ್ನಾಗಿ ಕಾಣ್ಬೇಕು ಅಂತ ಆಸೆ ಇತ್ತು" ಅಂದಳು. "ಅವನು ಈ ಕೆನ್ನೆನ ಹತ್ತಿರದಿಂದ ನೋಡಿಲ್ಲ. ನೋಡಿದ ಮೇಲೆ ಬೇಡ ಅಂದ್ಬಿಟ್ರೆ ಅಂತ ಹೆದರಿಕೆ ಇತ್ತು. ಈಗ ನೋಡಿ ಆಯ್ತಲ್ಲ."

ಐಲಿಫ್ ಕೋಟು ತೊಟ್ಟು ಹೊರಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಗುಡ್ಲೌಗ್ ತಣ್ಣನೆಯ ಹಾಲಿನಲ್ಲಿ ಬಟ್ಟೆ ಅದ್ದಿ ಓಡ್ನಿಯ ಮುಖದ ಮೇಲೆ ಹರಡಿದಳು. "ಆ ಸನ್‌ಸ್ಕ್ರೀನನ್ನ ಒಳಗಿಡು ಅಂದೋಳು ನಾನೇ" ಎಂದು ತನ್ನಷ್ಟಕ್ಕೆ ಗೊಣಗಿದಳು. "ಮುದಿಗೂಬೆ."

ಅಷ್ಟರಲ್ಲಿ ಗೋಡೆಯ ಆಚೆಯಿಂದ ಕಿರ್ ಎಂದು ಮೊಳೆ ಕೀಳುವ ಸದ್ದು ಕೇಳಿತು. ಒಂದಾದ ಮೇಲೊಂದು. ಗುಡ್ಲೌಗ್ ಕಿವಿ ನಿಮಿರಿಸಿದವಳು ಬಟ್ಟೆ ಬಿಟ್ಟು ಹೊರಗೆ ಓಡಿದಳು.

"ಐಲಿಫ್, ಏನೋ ಮಾಡ್ತಿದ್ದೀಯ? ಅದು ಅಪ್ಪನ ಬೆಂಚು ಕಣೋ. ಅರವತ್ತು ವರ್ಷದಿಂದ ಅಲ್ಲೇ ಇದೆ."

"ಇನ್ನು ಹಿಂದುಗಡೆ ಇರುತ್ತೆ" ಅಂದ ಐಲಿಫ್.

ಓಡ್ನಿ ಮುಖಕ್ಕೆ ಬಟ್ಟೆ ಒತ್ತಿಕೊಂಡು ಬಾಗಿಲಿಗೆ ಬಂದಳು. ಅವನು ಬೆಂಚನ್ನು ಹಿಮದ ಮೇಲೆ ಎಳೆದುಕೊಂಡು ಮನೆಯ ಉತ್ತರಕ್ಕೆ ಹೋಗಿದ್ದ. ಈಸ್ಟರಿನಲ್ಲಿ ಆ ಕಡೆಗೆ ಹೋಗುವವರು ಸೌದೆಗೆ ಇಲ್ಲವೇ ಪಾಯಿಖಾನೆಗೆ ಮಾತ್ರ. ಎದೆಮಟ್ಟದ ಹಿಮವನ್ನು ಸನಿಕೆಯಿಂದ ಬಗೆದು, ನೆರಳಿನ ಗೋಡೆಗೆ ಬೆಂಚು ಒರಗಿಸಿ, ಮೇಲೆ ಹಿಮಸಾರಂಗದ ಚರ್ಮ ಹಾಸಿ, ಎರಡು ಕಂಬಳಿ ತಂದ. ಆಮೇಲೆ ಬಂದು ಅವಳ ಚೀಲವನ್ನು ಹೆಗಲಿನಿಂದ ಇಳಿಸಿದ.

"ಬಾ. ಇಲ್ಲಿ ಬಿಸಿಲು ಬರಲ್ಲ."

ಇಬ್ಬರೂ ಕಂಬಳಿಯೊಳಗೆ ಕೂತರು. ಚಳಿ ಮೂಳೆಗೆ ಇಳಿಯುತ್ತಿತ್ತು, ಮುಖಕ್ಕೆ ಮಾತ್ರ ಹಾಯೆನಿಸುತ್ತಿತ್ತು. ಬೆಂಚು ಹೇಗೆ ಬಿದ್ದಿತ್ತೆಂದರೆ ಅವನು ಅವಳ ಎಡಕ್ಕೇ ಕೂರಬೇಕಾಯಿತು.

"ಅಷ್ಟು ಹತ್ತಿರದಿಂದ ನೋಡ್ಬೇಡ" ಅಂದಳು ಓಡ್ನಿ.

ಅವನು ಕಂಬಳಿಯನ್ನು ಅವಳ ಕತ್ತಿನವರೆಗೆ ಎಳೆದ. "ಹನ್ನೊಂದು ವರ್ಷದಿಂದ ಒಂದು ಕ್ಷಣ ಕಾಣ್ಸಿ ಹೋಗ್ಬಿಡುತ್ತೆ ಈ ಕೆನ್ನೆ" ಅಂದ. "ಆ ತಿರುವಲ್ಲಿ ನಿನ್ನ ಬಸ್ಸು ಒಂದು ಸಲನಾದ್ರೂ ಕೆಟ್ಟು ನಿಲ್ಲಲಿ ಅಂತ ಬೇಡ್ಕೊಂಡಿದ್ದೀನಿ."

"ನನ್ನ ಬಸ್ಸು ಯಾವತ್ತೂ ಕೆಟ್ಟಿಲ್ಲ."

"ಅದೇ ತೊಂದ್ರೆ ಆಗಿದ್ದು."

ನಗಲು ಹೋದರೆ ಕೆನ್ನೆ ಉರಿಯಿತು. ಆದರೂ ಅವಳು ನಕ್ಕಳು. ಐಲಿಫನೂ ನಕ್ಕ. ಗೋಡೆಯ ಆಚೆ, ಬಿಸಿಲಿನಲ್ಲಿ, ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕೂತಿದ್ದ ಗುಡ್ಲೌಗ್, "ಅಲ್ಲೇನು ನಗು? ಈ ಕಡೆ ಕೊಲೆಗಾರ ಸಿಕ್ಕಿಬೀಳ್ತಿದ್ದಾನೆ" ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ ಅವಳಿಗೂ ಒಬ್ಬಳೇ ಕೂರುವುದು ಬೇಸರವಾಗಿ, ಕೋಕೋ ಫ್ಲಾಸ್ಕು ಹಿಡಿದು, ಬಾಯಿತುಂಬ ಬೈಯುತ್ತ ನೆರಳಿಗೆ ಬಂದಳು. ಶನಿವಾರ, ಭಾನುವಾರ, ಸೋಮವಾರ ಮೂವರೂ ಅಲ್ಲೇ ಕೂತರು. ಸ್ಕೀ ಮೇಲೆ ಹಾಯುವ ಅಕ್ಕಪಕ್ಕದವರು ನಿಂತು, ಇವರಿಗೆಲ್ಲ ತಲೆ ಕೆಟ್ಟಿತೇ ಎಂಬಂತೆ ನೋಡಿ ಮುಂದೆ ಹೋದರು.

ರಾಗ್ನಿಗೆ ಓಡ್ನಿ ಅಲ್ಲಿಂದಲೇ ಫೋನು ಮಾಡಿದ್ದಳು. ಹುಡುಗಿ ಬೈಯಲಿಲ್ಲ. ಗುಳ್ಳೆ ಒಡೆಯಬೇಡಿ, ಜ್ವರಗಿರ ಬಂದರೆ ಡಾಕ್ಟರ ಹತ್ತಿರ ಹೋಗಿ, ಚರ್ಮ ಪೂರ್ತಿ ವಾಸಿಯಾಗುವ ತನಕ ಸೀರಮ್ ಮುಟ್ಟಬೇಡಿ, ಆಮೇಲೆ ಮತ್ತೆ ಮೊದಲಿಂದ, ವಾರಕ್ಕೆ ಎರಡೇ ರಾತ್ರಿ, ಬಟಾಣಿಯಷ್ಟೇ ಅಂದಳು.

"ಖಂಡಿತ ಹಚ್ತೀನಿ" ಅಂದಳು ಓಡ್ನಿ. "ಈ ಸಲ ನನಗೇನೂ ಅವಸರ ಇಲ್ಲ."

ಮಂಗಳವಾರ ದೋಣಿಕಟ್ಟೆಯ ಅಂಗಡಿಯಲ್ಲಿ ಮಿಲ್ಡ್ರಿಯ ಪಂಚಾಯಿತಿ. ವರ್ಷವರ್ಷವೂ ಅವಳು ಕಂದುಗಿಣ್ಣಿನ, ಅಂದರೆ ನಮ್ಮ ಕಡೆಯ ಕಂದು ಬಣ್ಣದ ಚೀಸಿನ, ತುಂಡೊಂದನ್ನು ಹಿಡಿದು, ಚಾಲಕರ ಒಬ್ಬೊಬ್ಬರ ಮುಖದ ಪಕ್ಕಕ್ಕಿಟ್ಟು ಬಣ್ಣ ಹೋಲಿಸುತ್ತಾಳೆ. ಗಿಣ್ಣಿಗೆ ಹತ್ತಿರವಾದವನಿಗೆ ಮೊದಲ ವಾಫಲ್ಲು. ಎಲ್ಲರಿಗಿಂತ ಬಿಳುಪಾದವನಿಗೆ ವಾರವಿಡೀ ಎಲ್ಲರ ಲೋಟ ತೊಳೆಯುವ ಕೆಲಸ. ಐಲಿಫ್ ಸೋತದ್ದನ್ನು ಕಂಡವರೇ ಇರಲಿಲ್ಲ. ಅವನು ಬಾಗಿಲು ತೆಗೆದು ಒಳಗೆ ಬಂದಾಗ ಮಿಲ್ಡ್ರಿ ಎತ್ತಿದ ಗಿಣ್ಣು ಎತ್ತಿದ ಹಾಗೆಯೇ ನಿಂತಿತು. ಮೀಸೆಯ ಮೇಲಿಂದ ಹಣೆಯವರೆಗೆ ಅವನ ಮುಖ ಕೆನೆ ತೆಗೆದ ಹಾಲಿನಷ್ಟು ಬಿಳುಪಾಗಿತ್ತು. ಹಿಂದೆಯೇ ಓಡ್ನಿ ಬಂದಳು, ಮುಖ ಕೆಂಪು ಕಂದಾಗಿ, ಸಿಪ್ಪೆ ಸಿಪ್ಪೆ ಎದ್ದು.

"ಏನಯ್ಯ ಇದು?" ಅಂದಳು ಮಿಲ್ಡ್ರಿ. "ಈಸ್ಟರ್ ಪೂರ್ತಿ ಹಾಸಿಗೆ ಹಿಡಿದಿದ್ಯಾ? ಬೆಟ್ಟದಲ್ಲಿ ಬಿಸಿಲಿರ್ಲಿಲ್ವಾ?"

"ಬಿಸಿಲಿತ್ತು" ಅಂದ ಐಲಿಫ್. "ಓಡ್ನಿ ಕೂತಿದ್ದ ಕಡೆ ಇರ್ಲಿಲ್ಲ."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಮಿಲ್ಡ್ರಿ ಎತ್ತಿದ ಗಿಣ್ಣನ್ನು ಮೆಲ್ಲಗೆ ಕೆಳಗಿಟ್ಟಳು. ಓಡ್ನಿಗೆ ಬದುಕಿನಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಐಲಿಫ್ ಕೋಟು ಕಳಚಿ, ತೋಳು ಮಡಿಸಿ, ಲೋಟಗಳಿದ್ದ ತೊಟ್ಟಿಯ ಕಡೆ ನಡೆದ. ಅವಳು ಹೋಗಿ ಒರೆಸುವ ಬಟ್ಟೆ ತೆಗೆದುಕೊಂಡು ಅವನ ಪಕ್ಕ ನಿಂತಳು. ಆ ವಾರ ದಂಡೆಯ ಹಳ್ಳಿಗಳಿಗೆ ಹಾಲಿನ ಲಾರಿ ದಿನವೂ ತಡವಾಗಿ ಬಂತು, ಬಸ್ಸೂ ತಡವಾಗಿಯೇ ಬಂತು.